ರಾಜ್ಯ ತೆರೆದ ಬಾಗಿಲಿಗೆ ಊರು ಹಾಕಿದ ಬೀಗ

ಕ್ಯಾಲಿಫೋರ್ನಿಯಾದ ನಮ್ಮೂರಿನ ಸಿಟಿ ಕೌನ್ಸಿಲ್ ಸದಸ್ಯರಿಗೆ, ಇಲ್ಲಿ ನೆಲೆಸಿರುವ ನಮ್ಮ ಕನ್ನಡದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಔಷಧಿಗೆಂದು ಗಾಂಜಾ ಮಾರುವ ಅಂಗಡಿ ನಮ್ಮೂರಿನ ಎಲ್ಲೆಯೊಳಗೆ ಎಲ್ಲಿಯೂ ಇರಕೂಡದು ಎಂದು ನೀವು ಮಾಡಿರುವ ನಿಷೇಧವನ್ನು ತೆಗೆಯಿರಿ ಎಂದು ಕೇಳುವುದಕ್ಕೆ ಈ ಪತ್ರ. ನಿಮ್ಮ ಸಭೆಯಲ್ಲಿ ಜನರಿಗೆ ಸಿಗುವ ಎರಡು ಮೂರು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಆಗಲೇ ಕೊಟ್ಟಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದೇಕೆಂದರೆ, ನಿಷೇಧ ಹಾಗೆಯೇ ಇರಲಿ ಎಂಬ ಮನವಿಗೆ ಸಹಿ ಹಾಕಿದವರಲ್ಲಿ ನಮ್ಮವರೂ ಇದ್ದಾರೆ. ಯುಗಾದಿಗೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಸ್ನೇಹಿತರು, ಮಕ್ಕಳ ಬಗ್ಗೆ ಕಾಳಜಿಯಿಂದಲೇ ಸಹಿ ಹಾಕಿದವರು. ಅವರೊಡನೆಯೂ ಮಾತಾಡಬೇಕಿದೆ.

ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಈ ರಾಜ್ಯದ ಅರ್ಧಕ್ಕಿಂತ ಹೆಚ್ಚು ನಗರಗಳು ಮತ್ತು ಕೌಂಟಿಗಳು ಗಾಂಜಾ ಅಂಗಡಿಗೆ ಜಾಗ ಕೊಟ್ಟಿಲ್ಲ. ಹೆಸರು ಬದಲಿಸಿದರೆ ಇದೇ ಪತ್ರ ಅಲ್ಲೆಲ್ಲ ಸಲ್ಲುತ್ತದೆ.

ಔಷಧಿಗಾಗಿ ಗಾಂಜಾ ಬಳಸಲು ಬಿಡುವ ರಾಜ್ಯದ ಕಾನೂನು ಯಾರಿಗಾಗಿ ಹುಟ್ಟಿತು ಎಂಬುದರಿಂದಲೇ ಶುರುಮಾಡುತ್ತೇನೆ. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಡ್ಸ್ ಬಂದ ತರುಣರು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದರು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮೈ ಇಳಿದು ಎಲುಬು ಕಾಣುತ್ತಿತ್ತು. ಅಲ್ಲಿನ ಜನರಲ್ ಆಸ್ಪತ್ರೆಯ ಏಡ್ಸ್ ವಿಭಾಗದಲ್ಲಿ ಸ್ವಯಂಸೇವಕಿಯಾಗಿದ್ದ ಮೇರಿ ರಾತ್‌ಬನ್ ಎಂಬ ವಯಸ್ಸಾದ ಹೆಂಗಸು ಗಾಂಜಾ ಬೆರೆಸಿದ ಬ್ರೌನಿ ಮಾಡಿ ಆ ಹುಡುಗರಿಗೆ ತಿನ್ನಿಸುತ್ತಿದ್ದರು. ಅದನ್ನು ತಿಂದವರಿಗೆ ವಾಕರಿಕೆ ನಿಂತು ಹಸಿವಾಗುತ್ತಿತ್ತು. ಪೊಲೀಸರು ಅವರನ್ನು ಮೊದಲೂ ಬಂಧಿಸಿದ್ದರು. 1992ರಲ್ಲಿ ಇನ್ನೊಮ್ಮೆ ಬಂಧಿಸಿದಾಗ ನಗರದ ಆಡಳಿತ ಮಂಡಳಿಯೇ ಅವರ ಪರವಾಗಿ ನಿಂತು, ಆಗಸ್ಟ್ 25ನ್ನು ‘ಬ್ರೌನಿ ಮೇರಿ ದಿನ’ ಎಂದು ಘೋಷಿಸಿತು. ಅದಕ್ಕೆ ಹಿಂದಿನ ವರ್ಷವೇ ಆ ನಗರದ ಮತದಾರರು ವೈದ್ಯಕೀಯ ಗಾಂಜಾ ಬೇಕೆಂಬ ನಿರ್ಣಯಕ್ಕೆ ನೂರಕ್ಕೆ ಸುಮಾರು 80 ಮತ ಕೊಟ್ಟಿದ್ದರು. ಆ ನಿರ್ಣಯದ ಹಿಂದಿದ್ದ ಡೆನ್ನಿಸ್ ಪೆರಾನ್, ತಮ್ಮ ಸಂಗಾತಿಯನ್ನು ಏಡ್ಸ್‌ಗೆ ಕಳೆದುಕೊಂಡವರು. ರೋಗಿಗಳಿಗೆ ಗಾಂಜಾ ಸಿಗುವ ಮೊದಲ ಸಾರ್ವಜನಿಕ ಕೇಂದ್ರವನ್ನು ತೆರೆದವರೂ ಅವರೇ. 1996ರ ನವೆಂಬರಿನಲ್ಲಿ ರಾಜ್ಯದ ಮತದಾರರ ಮುಂದೆ ಬಂದ ಪ್ರಪೊಸಿಷನ್ 215 ನೂರಕ್ಕೆ 55ಕ್ಕೂ ಹೆಚ್ಚು ಮತಗಳಿಂದ ಗೆದ್ದಿತು. ಇಡೀ ಅಮೆರಿಕದಲ್ಲಿ ಔಷಧಿಗಾಗಿ ಗಾಂಜಾ ಬಳಸಬಹುದೆಂದ ಮೊದಲ ರಾಜ್ಯ ನಮ್ಮದಾಯಿತು.

ಹೀಗೆ ನಗರಗಳ ಒಳಗಿನಿಂದಲೇ ಎದ್ದ ಕಾನೂನು ಅದು. ನಿಮ್ಮಂಥ ಕೌನ್ಸಿಲ್ ಸದಸ್ಯರು ರೋಗಿಗಳ ಪಕ್ಕ ನಿಂತ ದಿನಗಳೂ ಇದ್ದವು. 2002ರ ಸೆಪ್ಟೆಂಬರಿನಲ್ಲಿ ಸಾಂತಾ ಕ್ರೂಸ್ ಬಳಿ ರೋಗಿಗಳೇ ಸೇರಿ ನಡೆಸುತ್ತಿದ್ದ ಒಂದು ಗಾಂಜಾ ತೋಟದ ಮೇಲೆ ಫೆಡರಲ್ ಅಧಿಕಾರಿಗಳು ದಾಳಿ ಮಾಡಿ ಗಿಡಗಳನ್ನು ಕಿತ್ತೊಯ್ದರು. ಆ ರೋಗಿಗಳಲ್ಲಿ ಬಹಳ ಮಂದಿ ಸಾವಿನ ಹತ್ತಿರ ಇದ್ದವರು. ಎರಡು ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 17ರಂದು, ಆ ಊರಿನ ಸಿಟಿ ಹಾಲ್ ಅಂಗಳದಲ್ಲೇ, ಕೌನ್ಸಿಲ್ ಸದಸ್ಯರ ಎದುರಿಗೇ, ರೋಗಿಗಳಿಗೆ ಗಾಂಜಾ ಹಂಚಲಾಯಿತು. ಮರುವರ್ಷ ನಗರ ಮತ್ತು ಕೌಂಟಿ ಎರಡೂ ರೋಗಿಗಳೊಡನೆ ಸೇರಿ ಫೆಡರಲ್ ಸರ್ಕಾರದ ಮೇಲೆ ದಾವೆ ಹೂಡಿದವು. ಕೌನ್ಸಿಲ್ ಎಂದರೆ ಏನು ಎಂದು ನನ್ನ ಮಕ್ಕಳು ಕೇಳಿದರೆ ನಾನು ಈ ಕತೆ ಹೇಳುತ್ತೇನೆ.

ಹಾಗಾದರೆ ಮೂಲೆಯ ಮೆಡಿಕಲ್ ಶಾಪಿನಲ್ಲಿ ಗಾಂಜಾವನ್ನೂ ಮಾರಬಹುದಲ್ಲ, ಬೇರೆ ಅಂಗಡಿ ಯಾಕೆ ಎಂದು ನಮ್ಮವರು ಕೇಳುತ್ತಾರೆ. ಮಾರುವ ಹಾಗಿಲ್ಲ. ಫೆಡರಲ್ ಸರ್ಕಾರ 1970ರ ಕಾನೂನಿನಲ್ಲಿ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಗೆ ಸೇರಿಸಿತು. ಆದ್ದರಿಂದ ವೈದ್ಯರು ಇದಕ್ಕೆ ಔಷಧಿ ಚೀಟಿ ಬರೆಯುವಂತಿಲ್ಲ. ನಿಮಗೆ ಇದರಿಂದ ಉಪಯೋಗವಾಗಬಹುದು ಎಂದು ಸಲಹೆ ಕೊಡಬಹುದು, ಅಷ್ಟೆ. ಆ ಸಲಹೆ ಕೊಡುವ ಹಕ್ಕನ್ನೂ ವೈದ್ಯರು ನ್ಯಾಯಾಲಯಕ್ಕೆ ಹೋಗಿ, 2002ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದ ತೀರ್ಪಿನಿಂದ ಉಳಿಸಿಕೊಂಡರು. ಚೀಟಿ ಇಲ್ಲವೆಂದ ಮೇಲೆ ಔಷಧಿಯಂಗಡಿ ಇಲ್ಲ, ವಿಮೆಯೂ ಇಲ್ಲ. ರೋಗಿ ಅಂಗಡಿಗೆ ಹೋಗಿ ಕೊಳ್ಳಬೇಕೆಂದರೆ ಉಳಿದದ್ದು ಗಾಂಜಾ ಅಂಗಡಿ, ಅಂದರೆ ಡಿಸ್ಪೆನ್ಸರಿ, ಒಂದೇ. ಡಿಸ್ಪೆನ್ಸರಿಗೆ ಒಂದು ಮಳಿಗೆ ಬೇಕು, ಮಳಿಗೆಗೆ ಝೋನಿಂಗ್ ಅನುಮತಿ ಬೇಕು, ಅದು ಇರುವುದು ನಿಮ್ಮ ಕೈಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಗಿದೆ ರೋಗಿಗಳ ಪಾಡು.

ನಿಷೇಧಿಸುವ ಅಧಿಕಾರ ನಿಮಗಿಲ್ಲ ಎಂದು ನಾನು ವಾದಿಸುತ್ತಿಲ್ಲ. ರಿವರ್‌ಸೈಡ್ ನಗರ ಡಿಸ್ಪೆನ್ಸರಿಗಳನ್ನು ಸಾರ್ವಜನಿಕ ಉಪದ್ರವವೆಂದು ಕರೆದು ಮುಚ್ಚಿಸಿದಾಗ ವಿಷಯ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಮೇ ತಿಂಗಳಲ್ಲಿ ನ್ಯಾಯಾಧೀಶರೆಲ್ಲರೂ ಒಂದೇ ಅಭಿಪ್ರಾಯದಿಂದ ನಗರದ ಪರ ತೀರ್ಪು ಕೊಟ್ಟರು. 1996ರ ಕಾನೂನು ರೋಗಿಯನ್ನು ಶಿಕ್ಷೆಯಿಂದ ಕಾಪಾಡುತ್ತದೆ, ಆದರೆ ಅಂಗಡಿಗೆ ಜಾಗ ಕೊಡಿ ಎಂದು ಯಾವ ನಗರವನ್ನೂ ಬಲವಂತ ಮಾಡುವುದಿಲ್ಲ ಎಂಬುದು ತೀರ್ಪಿನ ಸಾರ. ಮೂರು ವರ್ಷದ ನಂತರ ಪ್ರಪೊಸಿಷನ್ 64 ಬಂದು, 21 ವರ್ಷ ತುಂಬಿದ ಯಾರೇ ಆದರೂ ಗಾಂಜಾ ಕೊಳ್ಳಬಹುದೆಂದಾದಾಗಲೂ ಅಂಗಡಿ ಬೇಡವೆನ್ನುವ ಅಧಿಕಾರ ನಗರಗಳಿಗೇ ಉಳಿಯಿತು. ಅಧಿಕಾರ ನಿಮ್ಮದು ಹೌದು. ಅದನ್ನು ಯಾರ ಮೇಲೆ ಚಲಾಯಿಸುತ್ತಿದ್ದೀರಿ ಎಂಬುದನ್ನು ನೋಡಿ ಎಂದು ಕೇಳುತ್ತಿದ್ದೇನೆ. ಮೈಯಲ್ಲಿ ಶಕ್ತಿ ಇರುವ ಇಪ್ಪತ್ತೈದರ ಹುಡುಗ ಶನಿವಾರ ಸಂಜೆ ಕಾರು ಹತ್ತಿ ಪಕ್ಕದ ಊರಿಗೆ ಹೋಗಿ ಬರುತ್ತಾನೆ. ನಿಮ್ಮ ನಿಷೇಧ ಅವನನ್ನು ಮುಟ್ಟುವುದೇ ಇಲ್ಲ. ಅದು ಮುಟ್ಟುವುದು ಕಾರು ಓಡಿಸಲಾಗದವರನ್ನು, ಬಸ್ಸಿನಲ್ಲಿ ಕೂರಲಾಗದವರನ್ನು. ಯಾರ ಹೆಸರು ಹೇಳಿ 1996ರಲ್ಲಿ ಮತ ಕೇಳಿದರೋ ಅವರೇ ಇಂದು ಎಲ್ಲರಿಗಿಂತ ಹಿಂದೆ ಉಳಿದಿದ್ದಾರೆ.

ನನ್ನ ದೊಡ್ಡಮ್ಮನ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ದಶಕಗಳಿಂದ ಈ ಊರಿನಲ್ಲಿರುವವರು, ಇಲ್ಲಿನ ಪ್ರಜೆ, ನಿಮಗೆಲ್ಲ ಮತ ಹಾಕಿದವರು. ಕ್ಯಾನ್ಸರಿಗೆ ಕೀಮೋ ಶುರುವಾದ ಮೇಲೆ ಅವರಿಗೆ ಒಗ್ಗರಣೆಯ ವಾಸನೆ ಬಂದರೆ ಸಾಕು, ವಾಂತಿ. ಮನೆಯಲ್ಲಿ ಸಾಸಿವೆ ಸಿಡಿಸುವುದನ್ನೇ ಬಿಟ್ಟೆವು. ವಾಂತಿ ನಿಲ್ಲುವ ಮಾತ್ರೆಗಳನ್ನು ಒಂದಾದ ಮೇಲೊಂದು ಕೊಟ್ಟು ನೋಡಿದರು. ಕೊನೆಗೆ ಅವರ ಕ್ಯಾನ್ಸರ್ ವೈದ್ಯರೇ ಇದನ್ನೂ ಪ್ರಯತ್ನಿಸಬಹುದು ಎಂದು ಪತ್ರ ಬರೆದುಕೊಟ್ಟರು.

ಅಂಗಡಿ ಇದ್ದದ್ದು ಪಕ್ಕದ ಊರಿನ ಕೈಗಾರಿಕಾ ವಲಯದಲ್ಲಿ, ಟೈರ್ ಅಂಗಡಿ ಮತ್ತು ಗೋದಾಮುಗಳ ಹಿಂದೆ. ಬಸ್ಸು ಹೆದ್ದಾರಿಯಲ್ಲೇ ಇಳಿಸಿಬಿಡುತ್ತದೆ. ಅಲ್ಲಿಂದ ಮುಂದೆ ಫುಟ್‌ಪಾತ್ ಇಲ್ಲ. ಲಾರಿಗಳು ಹಿಂದೆ ಸರಿಯುವ ಜಾಗದಲ್ಲಿ ಬಗ್ಗಿ ಬಗ್ಗಿ ನಡೆಯಬೇಕು. ಮನೆಯಲ್ಲಿ ಯಾರಿಗೂ ಬಿಡುವಿಲ್ಲದ ದಿನಗಳಲ್ಲಿ ದೊಡ್ಡಮ್ಮ ಅಲ್ಲಿಗೆ ಹೋಗುವ ಮಾತೇ ಇರಲಿಲ್ಲ. ಅವರನ್ನು ಕರೆದುಕೊಂಡು ಹೋದಾಗ ಒಳಗಿನ ವ್ಯವಸ್ಥೆ ಕಂಡೆ. ಬಾಗಿಲಲ್ಲಿ ಕಾವಲುಗಾರ ಗುರುತಿನ ಚೀಟಿ ನೋಡಿದ. ಮುಂಗಟ್ಟಿನಲ್ಲಿ ಇನ್ನೊಬ್ಬರು ವೈದ್ಯರ ಪತ್ರ ನೋಡಿದ ಮೇಲೇ ಎರಡನೆಯ ಬಾಗಿಲು ತೆರೆಯಿತು. ಎಲ್ಲ ಮೂಲೆಯಲ್ಲೂ ಕ್ಯಾಮೆರಾ. ಕೌಂಟರಿನ ಹುಡುಗಿ ದೊಡ್ಡಮ್ಮನಿಗೆ ಕುರ್ಚಿ ಹಾಕಿಸಿ, ಬೇರೆ ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದಳು. ಸಣ್ಣ ಸೀಸೆಯೊಂದನ್ನು ಬೆಳಕಿಗೆ ಹಿಡಿದು, ಅದರಲ್ಲಿ ಗಾಂಜಾದ ಮತ್ತೇರಿಸುವ ಅಂಶವಾದ ಟಿಎಚ್‌ಸಿ ಎಷ್ಟು ಮಿಲಿಗ್ರಾಂ ಇದೆ ಎಂಬುದನ್ನೂ ಪ್ರಯೋಗಾಲಯದಲ್ಲಿ ಪರೀಕ್ಷೆಯಾದ ದಿನಾಂಕವನ್ನೂ ಓದಿ ಹೇಳಿದಳು. ತೀರ ಕಡಿಮೆಯಿಂದ ಶುರುಮಾಡಿ, ಆತುರಪಟ್ಟು ಇನ್ನಷ್ಟು ಹಾಕಿಕೊಳ್ಳಬೇಡಿ, ಮುಂದಿನ ಸಲ ನಿಮ್ಮ ವೈದ್ಯರಿಗೆ ಎಷ್ಟು ತೆಗೆದುಕೊಂಡಿರಿ ಎಂದು ಹೇಳಿ ಎಂದಳು. ಆ ರಾತ್ರಿ ನಾಲಿಗೆಯ ಕೆಳಗೆ ಕೆಲವು ಹನಿ. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮ್ಮ ತಾವಾಗಿಯೇ ಮೊಸರನ್ನ ಕೇಳಿದರು. ನಿಂಬೆಕಾಯಿ ಉಪ್ಪಿನಕಾಯಿಯ ರಸ ನಂಚಿಕೊಂಡು ಅರ್ಧ ಬಟ್ಟಲು ಉಂಡರು, ಅದು ಹೊಟ್ಟೆಯಲ್ಲಿ ನಿಂತಿತು.

ಕ್ಯಾನ್ಸರನ್ನು ಇದು ಗುಣಪಡಿಸಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ನಂಬಲೂಬೇಡಿ. ಕ್ಯಾನ್ಸರಿಗೆ ಚಿಕಿತ್ಸೆ ಆಸ್ಪತ್ರೆಯದು. ಆ ಚಿಕಿತ್ಸೆಯನ್ನು ತಡೆದುಕೊಳ್ಳಲು ಬೇಕಾದ ಅನ್ನ ಒಳಗೆ ಹೋಗಲು ಇದು ನೆರವಾಯಿತು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರಲ್ಲಿ ಸಾವಿರಾರು ಸಂಶೋಧನೆಗಳನ್ನು ತೂಗಿ ನೋಡಿ ಕೊಟ್ಟ ವರದಿಯೂ ಅಳತೆ ಮೀರಿ ಮಾತಾಡುವುದಿಲ್ಲ. ದೊಡ್ಡವರ ದೀರ್ಘಕಾಲದ ನೋವು, ಕೀಮೋದಿಂದ ಬರುವ ವಾಕರಿಕೆ ವಾಂತಿ, ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗಿಗಳು ಹೇಳಿಕೊಳ್ಳುವ ಸ್ನಾಯು ಬಿಗಿತ, ಇವಕ್ಕೆ ಗಾಂಜಾದ ಅಂಶಗಳಿಂದ ಉಪಯೋಗವಿದೆ ಎನ್ನಲು ಬಲವಾದ ಆಧಾರವಿದೆ, ಬೇರೆ ಅನೇಕ ಕಾಯಿಲೆಗಳಿಗೆ ಆಧಾರ ಸಾಲದು ಎಂದಿತು. ನಮ್ಮೂರಿನ ರೋಗಿಗಳಿಗೆ ಅಷ್ಟು ಸಾಕು.

ನಿಮ್ಮ ಭಯಕ್ಕೂ ಕಾರಣವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಆದದ್ದನ್ನು ಎಲ್ಲರೂ ನೋಡಿದರು. 2007ರಲ್ಲಿ ಆ ನಗರ ಹೊಸ ಡಿಸ್ಪೆನ್ಸರಿಗಳಿಗೆ ತಾತ್ಕಾಲಿಕ ತಡೆ ಹಾಕಿತು. ಆದರೆ ಕಷ್ಟವಿದ್ದವರು ವಿನಾಯಿತಿಗೆ ಅರ್ಜಿ ಹಾಕಬಹುದೆಂಬ ಒಂದು ಸಾಲನ್ನು ಅದರಲ್ಲಿ ಸೇರಿಸಿತು. ಅರ್ಜಿ ಹಾಕಿದವರು ಉತ್ತರಕ್ಕೂ ಕಾಯದೆ ಅಂಗಡಿ ತೆರೆದರು, ಕೌನ್ಸಿಲ್ ಆ ಅರ್ಜಿಗಳನ್ನು ಕೈಗೆತ್ತಿಕೊಳ್ಳಲೇ ಇಲ್ಲ. ನೂರಾರು ಅಂಗಡಿಗಳು ಎದ್ದವು. ಶಾಲೆಯ ದಾರಿಯಲ್ಲಿ, ಮನೆಗಳ ಗೋಡೆಗೆ ಹತ್ತಿಕೊಂಡು, ಅಪರಾತ್ರಿಯವರೆಗೆ ಕಾರುಗಳು. ಅಲ್ಲಿನ ನಿವಾಸಿಗಳ ಸಿಟ್ಟು ನ್ಯಾಯವಾದದ್ದೇ. 2010ರಲ್ಲಿ ಕಟ್ಟುನಿಟ್ಟಿನ ನಿಯಮ ತಂದರು, ಅದರ ಮೇಲೆ ಮೊಕದ್ದಮೆಗಳು ಬಿದ್ದವು. 2012ರ ಜುಲೈಯಲ್ಲಿ ಎಲ್ಲವನ್ನೂ ನಿಷೇಧಿಸಿದರು. ಜನ ಸಹಿ ಸಂಗ್ರಹಿಸಿ ಎದುರು ನಿಂತಾಗ ಅಕ್ಟೋಬರಿನಲ್ಲಿ ಆ ನಿಷೇಧವನ್ನೇ ವಾಪಸು ಪಡೆದರು. 2013ರಲ್ಲಿ ಮತದಾರರ ಮುಂದೆ ಹೋಗಿ, ಹಳೆಯ ಸುಮಾರು 135 ಅಂಗಡಿಗಳಿಗೆ ಮಾತ್ರ ರಕ್ಷಣೆ ಎಂದು ತೀರ್ಮಾನಿಸಿದರು.

ಈ ಇತಿಹಾಸವನ್ನು ನೀವು ನಿಷೇಧಕ್ಕೆ ಆಧಾರವಾಗಿ ತೋರಿಸುತ್ತೀರಿ. ನನಗೆ ಅದರಲ್ಲಿ ಕಾಣುವುದು ಬೇರೆ. ಅಲ್ಲಿ ಕೆಟ್ಟದ್ದು ಪರವಾನಗಿ ಕೊಟ್ಟಿದ್ದರಿಂದಲ್ಲ, ಕೊಡುವ ಕೆಲಸವನ್ನು ವರ್ಷಗಟ್ಟಲೆ ಮುಂದೂಡಿದ್ದರಿಂದ. ಪರವಾನಗಿ ಇರುವ ಅಂಗಡಿಗೆ ಕಳೆದುಕೊಳ್ಳಲು ಪರವಾನಗಿ ಇದೆ, ಹಾಗಾಗಿ ಅದು ಹೆದರುತ್ತದೆ. ಅಪರಾಧ ಹೆಚ್ಚುತ್ತದೆ ಎಂಬ ಮಾತಿಗೂ ಅಷ್ಟು ಗಟ್ಟಿ ಆಧಾರವಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಅಂಗಡಿಗಳನ್ನು ಮುಚ್ಚಿಸಿದ್ದರ ಬಗ್ಗೆ 2017ರಲ್ಲಿ ಪ್ರಕಟವಾದ ಚಾಂಗ್ ಮತ್ತು ಜೇಕಬ್‌ಸನ್ ಅವರ ಅಧ್ಯಯನದಲ್ಲಿ, ಮುಚ್ಚಿದ ಅಂಗಡಿಯ ಆಸುಪಾಸಿನಲ್ಲೇ ಕಳವಿನಂಥ ಅಪರಾಧಗಳು ಹೆಚ್ಚಿದ್ದು ಕಂಡಿತು. ರ‍್ಯಾಂಡ್ ಸಂಸ್ಥೆ 2011ರಲ್ಲಿ ಇಂಥದೇ ಒಂದು ವರದಿ ಕೊಟ್ಟು, ಅಂಕಿಅಂಶ ಪೂರ್ತಿಯಿಲ್ಲವೆಂದು ಮರುತಿಂಗಳೇ ಹಿಂತೆಗೆದುಕೊಂಡಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಒಂದು ಅಧ್ಯಯನದ ಮೇಲೆ ಊರಿನ ನೀತಿ ನಿಲ್ಲಬಾರದು. ಬರೀ ಊಹೆಯ ಮೇಲಂತೂ ನಿಲ್ಲಲೇಬಾರದು.

ನಿಷೇಧವಿಲ್ಲ, ನಿಯಮ ಮಾತ್ರ ಎನ್ನುವ ಕೆಲವು ನಗರಗಳ ಜಾಣತನವೂ ನನಗೆ ಗೊತ್ತಿದೆ. ಶಾಲೆ, ಶಿಶುವಿಹಾರಗಳಿಂದ 600 ಅಡಿ ದೂರವಿರಬೇಕೆಂಬುದು ರಾಜ್ಯದ ಸಾಮಾನ್ಯ ನಿಯಮ, ಅದು ಸರಿಯಾದದ್ದೇ. ಅದನ್ನು ಸಾವಿರ ಅಡಿಗೆ ಎಳೆದು, ಪಟ್ಟಿಗೆ ಉದ್ಯಾನ, ಗ್ರಂಥಾಲಯ, ಚರ್ಚು, ವಾಸದ ಮನೆ ಎಲ್ಲವನ್ನೂ ಸೇರಿಸಿ, ನಕ್ಷೆಯ ಮೇಲೆ ವೃತ್ತ ಎಳೆಯುತ್ತ ಹೋದರೆ ಕೊನೆಗೆ ಉಳಿಯುವುದು ಆ ಲಾರಿಗಳ ಸಂದಿಯೇ. ರೋಗಿಗೆ ಫುಟ್‌ಪಾತ್ ಬೇಕು, ಬಸ್ ನಿಲ್ದಾಣ ಬೇಕು, ಕೂರಲು ಕುರ್ಚಿ ಬೇಕು. ದಯವಿಟ್ಟು ನಕ್ಷೆ ಬರೆಯುವಾಗ ಆಸ್ಪತ್ರೆ ಮತ್ತು ಬಸ್ ಮಾರ್ಗಗಳನ್ನೂ ಅದರ ಮೇಲೆ ಗುರುತಿಸಿ. ಬೆರಳೆಣಿಕೆಯ ಪರವಾನಗಿಗಳನ್ನು ಮುಚ್ಚಿದ ಕೋಣೆಯಲ್ಲಿ ಹಂಚುವುದೂ ಬೇಡ. ಅಡೆಲಾಂಟೊ ಎಂಬ ಸಣ್ಣ ಊರಿನ ಕೌನ್ಸಿಲ್ ಸದಸ್ಯರೊಬ್ಬರು ಗಾಂಜಾ ವ್ಯವಹಾರದ ಲಂಚಕ್ಕಾಗಿ 2017ರಲ್ಲಿ ಬಂಧಿತರಾಗಿ ಮುಂದೆ ಶಿಕ್ಷೆಗೆ ಗುರಿಯಾದದ್ದು ನಿಮಗೆ ತಿಳಿದೇ ಇದೆ.

ಮನೆಗೆ ತಂದುಕೊಡುವ ವ್ಯವಸ್ಥೆಯ ಮಾತಿಗೆ ಬರುತ್ತೇನೆ. 2022ರಲ್ಲಿ ಅಂಗೀಕಾರವಾಗಿ 2024ರ ಜನವರಿ 1ರಿಂದ ಜಾರಿಗೆ ಬಂದ ಎಸ್‌ಬಿ 1186 ಕಾನೂನಿನ ಪ್ರಕಾರ, ಔಷಧಿಗಾಗಿ ಗಾಂಜಾ ಬಳಸುವ ರೋಗಿಗಳಿಗೆ ಡೆಲಿವರಿಯನ್ನು ಯಾವ ನಗರವೂ ನಿಷೇಧಿಸುವಂತಿಲ್ಲ. ನಿಷೇಧದಷ್ಟೇ ಪರಿಣಾಮ ಬೀರುವ ನಿಯಮಗಳನ್ನೂ ಮಾಡುವಂತಿಲ್ಲ. ಅದಕ್ಕೆ ಮೊದಲು ಡೆಲಿವರಿಗೆ ರಾಜ್ಯ ಒಪ್ಪಿದಾಗ ಇಪ್ಪತ್ತಕ್ಕೂ ಹೆಚ್ಚು ನಗರಗಳು ಸೇರಿ 2019ರಲ್ಲಿ ಕೋರ್ಟಿಗೆ ಹೋಗಿದ್ದವು. ಹಾಸಿಗೆ ಹಿಡಿದವರ ಮನೆಬಾಗಿಲಿಗೆ ಒಂದು ಸೀಸೆ ಬರುವುದನ್ನು ತಡೆಯಲು ಅಷ್ಟು ಸಾರ್ವಜನಿಕ ಹಣ ಖರ್ಚಾದದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನಮ್ಮೂರಿನ ನಿಯಮಾವಳಿಯ ಪುಸ್ತಕದಲ್ಲಿ ಈ ಹೊಸ ಕಾನೂನಿಗೆ ತಕ್ಕ ತಿದ್ದುಪಡಿ ಇನ್ನೂ ಕಾಣುತ್ತಿಲ್ಲ. ನಿಯಮ ತಿದ್ದುವವರೆಗೆ ಡೆಲಿವರಿಯವರು ಇಲ್ಲಿಗೆ ಬರಲು ಹಿಂಜರಿಯುತ್ತಾರೆ. ಕೌಂಟಿಯ ಆರೋಗ್ಯ ಇಲಾಖೆ ಕೊಡುವ ಗುರುತಿನ ಚೀಟಿ ಇರುವ ರೋಗಿಗೆ ಮಾರಾಟ ತೆರಿಗೆಯಿಂದ ವಿನಾಯಿತಿ ಇದೆ, ಗಾಂಜಾ ಮೇಲಿನ ಅಬಕಾರಿ ತೆರಿಗೆಯಿಂದ ಇಲ್ಲ. ಅದರ ಮೇಲೆ ನಗರವೂ ತನ್ನ ತೆರಿಗೆ ಸೇರಿಸುವುದು ಬೇಡ. ವಿಮೆ ಒಂದು ಕಾಸೂ ಕೊಡದ ಔಷಧಿ ಇದು.

ಇನ್ನು ನಮ್ಮವರಿಗೆ. ಗಾಂಜಾ ಎಂದರೆ ನಮ್ಮ ಮನೆಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ದೊಡ್ಡಮ್ಮ ಕೂಡ ಆ ಸೀಸೆಯನ್ನು ಯಾರಿಗೂ ಕಾಣದಂತೆ ಕಪಾಟಿನಲ್ಲಿಟ್ಟು, ಮನೆಗೆ ಬಂದವರ ಮುಂದೆ ಆಯುರ್ವೇದದ ಹನಿ ಎನ್ನುತ್ತಿದ್ದರು. ಭಾರತದಲ್ಲಿ ಮಾದಕ ವಸ್ತುಗಳ ಮೇಲೆ 1985ರ ಎನ್‌ಡಿಪಿಎಸ್ ಕಾನೂನು ಇದೆ, ಗಾಂಜಾ ಸಮೇತ ಸಿಕ್ಕಿದರೆ ಜೈಲು ಎಂದು ಬೆಳೆದವರು ನಾವು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದೇ ಕಾನೂನು ಹೂವಿನ ತುದಿಯ ಜೊತೆಯಿಲ್ಲದ ಬೀಜವನ್ನೂ ಎಲೆಯನ್ನೂ ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಎಲೆಯಿಂದ ಮಾಡುವ ಭಂಗಿ ಆ ಕಾನೂನಿನಡಿ ನಿಷಿದ್ಧ ವಸ್ತುವಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಹೇಳಿತು. ಭಂಗಿಯನ್ನು ವೈದ್ಯರು ಮದ್ದಿಗೆ ಬಳಸುತ್ತಿದ್ದದ್ದು ನಮ್ಮ ಹಿರಿಯರಿಗೆ ಹೊಸ ಸುದ್ದಿಯೇನಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ವೀಸಾದಲ್ಲಿ ಅಥವಾ ಗ್ರೀನ್ ಕಾರ್ಡಿನಲ್ಲಿ ಇರುವವರು ವಕೀಲರನ್ನು ಕೇಳದೆ ಇದರ ಹತ್ತಿರ ಹೋಗಬೇಡಿ. ರಾಜ್ಯ ಒಪ್ಪಿದರೂ ವಲಸೆ ಕಾನೂನು ಫೆಡರಲ್. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಬಳಕೆ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದೆಂದು ವಲಸೆ ಇಲಾಖೆ 2019ರಲ್ಲೇ ಸ್ಪಷ್ಟಪಡಿಸಿದೆ. ಭಾರತದಿಂದ ಬಂದ ಅಪ್ಪ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಿ. ಸೀಸೆ ತಂದವರು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಮಿಠಾಯಿ ರೂಪದಲ್ಲಿ ಬರುವುದನ್ನಂತೂ ಇನ್ನೂ ಜೋಪಾನ ಮಾಡಿ. ಮಕ್ಕಳ ಚಿಂತೆ ನಿಮಗಿರುವಷ್ಟೇ ನನಗೂ ಇದೆ. ಮಕ್ಕಳಿಗೆ ಇದು ಸಿಗುವುದು ಗುರುತಿನ ಚೀಟಿ ಕೇಳದ ಕಡೆಯಿಂದ. ಆ ಕಡೆಯವರಿಗೆ ನಿಮ್ಮ ಸಹಿ ಯಾವ ತೊಂದರೆಯನ್ನೂ ಕೊಟ್ಟಿಲ್ಲ. ಮನವಿಗೆ ಸಹಿ ಹಾಕಿದವರಲ್ಲಿ ಯಾರಿಗಾದರೂ ಮನಸ್ಸು ಬದಲಾದರೆ, ಕೌನ್ಸಿಲ್‌ಗೆ ಎರಡು ಸಾಲು ಬರೆಯಿರಿ. ಹೆಸರು ಹಾಕಲು ಸಂಕೋಚವಾದರೆ ನನ್ನ ಪತ್ರದ ಜೊತೆ ಸೇರಿಸಿ ಕೊಡುತ್ತೇನೆ.

ಮಾನ್ಯ ಸದಸ್ಯರೇ, ನನ್ನ ಕೋರಿಕೆ ಇಷ್ಟು. ಡೆಲಿವರಿಯ ತಿದ್ದುಪಡಿಯನ್ನು ಮುಂದಿನ ಸಭೆಯ ಕಾರ್ಯಸೂಚಿಗೇ ಸೇರಿಸಿ, ಅದಕ್ಕೆ ಚರ್ಚೆಯೂ ಬೇಕಿಲ್ಲ, ರಾಜ್ಯದ ಕಾನೂನು ಆಗಿಹೋಗಿದೆ. ಔಷಧಿಗೆಂದೇ ಒಂದು ಅಂಗಡಿಗೆ, ಬಸ್ಸು ಹೋಗುವ ರಸ್ತೆಯಲ್ಲಿ, ನಿಮಗೆ ಬೇಕಾದಷ್ಟು ಕ್ಯಾಮೆರಾ ಮತ್ತು ಕಾವಲಿನ ಷರತ್ತು ಹಾಕಿ ಅನುಮತಿ ಕೊಡಿ. ಒಂದು ವರ್ಷ ನೋಡಿ, ಪೊಲೀಸ್ ಇಲಾಖೆಯಿಂದ ದೂರುಗಳ ಲೆಕ್ಕ ತರಿಸಿ, ತಪ್ಪು ಮಾಡಿದ್ದರೆ ಮುಚ್ಚಿಸಿ. ಈ ವಿಷಯ ಚರ್ಚೆಗೆ ಬರುವ ದಿನ ಸಭೆಯನ್ನು ರಾತ್ರಿಗೆ ಬದಲು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಮನೆಯಿಂದಲೇ ಫೋನಿನಲ್ಲಿ ಮಾತಾಡಲು ಅವಕಾಶ ಕೊಡಿ. ಕೀಮೋ ತೆಗೆದುಕೊಂಡವರು ರಾತ್ರಿ ಹತ್ತರವರೆಗೆ ಆ ಬೆಂಚುಗಳ ಮೇಲೆ ಕೂತು ತಮ್ಮ ಸರದಿಗೆ ಕಾಯಲಾರರು.

ಇತಿ,
ನಿಮ್ಮ ಊರಿನ ಒಬ್ಬ ಮತದಾರ